ಡಾಕ್ಟ್ರು ನಮ್ಮಲ್ಲೇ ಕೇಳಿದರೆ ಎಂತ ಹೇಳುವುದು?

(ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ಮಹಿಳಾ ಸ್ವಸಹಾಯ ಸಂಘಗಳ ಪ್ರತಿನಿಧಿಗಳ ಸಭೆಯಲ್ಲಿ ಮಾಡಿದ ಭಾಷಣ)



ಇವತ್ತಿನ ವಿಷಯ ವೃಷಣದ ಕ್ಯಾನ್ಸರ್ ಎಂದು ಹೇಳಿದ ಕೂಡಲೇ ಹಿಂದಿನ ಸಾಲಿನಲ್ಲಿ ಕೆಲವರು ಸೆರಗು ಬಾಯಿಗೆ ಹಿಡಿದು ನಕ್ಕದ್ದನ್ನು ನಾವು ನೋಡಿದೆವು. ನಗಿ, ತೊಂದರೆಯಿಲ್ಲ. ನಮಗೂ ಮೊದಲು ಈ ಮಾತು ಬಾಯಿಗೆ ಬರಲು ಕಷ್ಟವಾಗಿತ್ತು. ವೃಷಣ ಎಂದರೆ ಊರ ಮಾತಿನಲ್ಲಿ ಬೀಜ. ಇಷ್ಟು ವರ್ಷ ನಿಮ್ಮ ಸಂಘಗಳಿಗೆ ಬಂದು ಸ್ತನದ ಕ್ಯಾನ್ಸರ್, ಗರ್ಭಕಂಠದ ಕ್ಯಾನ್ಸರ್ ಬಗ್ಗೆ ಚಿತ್ರ ತೋರಿಸಿ ಹೇಳಿದ್ದೇವೆ. ನಿಮ್ಮ ಗಂಡುಮಕ್ಕಳ ದೇಹದ ಬಗ್ಗೆ ಒಂದು ದಿನವೂ ಮಾತಾಡಲಿಲ್ಲ. ಅದು ನಮ್ಮದೇ ತಪ್ಪು.

ಮಾತಾಡಲೇಬೇಕು ಎಂದು ಅನಿಸಿದ್ದು ಕಡಬ ಕಡೆಯ ಒಬ್ಬ ತಾಯಿಯಿಂದ. ಅವರು ನಮ್ಮ ಸಂಘವೊಂದರ ಹಳೆಯ ಸದಸ್ಯೆ. ಹೆಸರು ಬೇಡ. ಮಗನಿಗೆ ಇಪ್ಪತ್ತನಾಲ್ಕು ವರ್ಷ, ಪಿಕಪ್ ಓಡಿಸುವ ಹುಡುಗ. ಒಂದು ಬದಿಯ ಬೀಜದಲ್ಲಿ ಗಟ್ಟಿ ಗಂಟು ಸಿಕ್ಕಿ ಎಂಟು ತಿಂಗಳಾದರೂ ಮನೆಯಲ್ಲಿ ಬಾಯಿ ಬಿಟ್ಟಿರಲಿಲ್ಲ. ನೋವಿರಲಿಲ್ಲ, ಹಾಗಾಗಿ ಎಂತದೂ ಇಲ್ಲ ಎಂದು ತಿಳಿದಿದ್ದ. ಕೊನೆಗೆ ಗೆಳೆಯನೊಬ್ಬ ಬೈದು ಕರಕೊಂಡು ಹೋದ ಮೇಲೆ ಸ್ಕ್ಯಾನ್ ಆಯಿತು, ಮಂಗಳೂರಿನಲ್ಲಿ ಆಪರೇಷನ್ ಆಯಿತು, ಆ ಬೀಜವನ್ನು ತೆಗೆದರು. ಹದಿನೈದು ದಿವಸ ಕಳೆದು ವರದಿ ಬಂತು. ಅದರ ನಂತರ ಆ ತಾಯಿ ನೇರ ನಮ್ಮ ಕಚೇರಿಗೆ ಬಂದು ಹೇಳಿದ ಮಾತು ಹೀಗಿತ್ತು:

“ಸಿಸ್ಟರ್, ಸ್ಕ್ಯಾನಲ್ಲಿ ಬೇರೆ ಎಲ್ಲಿಯೂ ಇಲ್ಲವಂತೆ. ಆದರೆ ರಿಸ್ಕ್ ಜಾಸ್ತಿ ಉಂಟಂತೆ. ಇನ್ನು ಮೂರು ದಾರಿ ಉಂಟು, ನೀವು ಯೋಚನೆ ಮಾಡಿ ಹೇಳಿ ಅಂತ ಡಾಕ್ಟ್ರು ನಮ್ಮಲ್ಲೇ ಕೇಳ್ತಾರೆ. ಅಡಿಕೆ ಸುಲಿಯುವವಳು ನಾನು, ನನಗೆಂತ ಗೊತ್ತು? ಅವರಿಗೇ ಗೊತ್ತಿಲ್ಲವಾ ಹಾಗಾದ್ರೆ?”

ನಾವು ಅವತ್ತು ಅವರಿಗೆ ಕೊಟ್ಟ ಉತ್ತರ ಸರಿಯಿರಲಿಲ್ಲ. “ಸ್ಕ್ಯಾನಲ್ಲಿ ಇಲ್ಲ ಅಂದ್ರೆ ಹೋಯ್ತು ಅಂತಲೇ ಲೆಕ್ಕ, ಧೈರ್ಯವಾಗಿ ಮನೆಗೆ ಹೋಗಿ” ಎಂದುಬಿಟ್ಟೆವು. ಎಂಎಸ್‌ಡಬ್ಲ್ಯು ಓದಿದ್ದೇವೆ, ಮೂವತ್ತು ವರ್ಷ ಹಳ್ಳಿ ತಿರುಗಿದ್ದೇವೆ, ಆದರೂ ಗೊತ್ತಿಲ್ಲದ ವಿಷಯಕ್ಕೆ ಧೈರ್ಯ ಹೇಳಿದೆವು. ರಾತ್ರಿ ನಿದ್ದೆ ಬರಲಿಲ್ಲ. ಮರುದಿನ ಪರಿಚಯದ ಕ್ಯಾನ್ಸರ್ ವೈದ್ಯರಿಗೆ ಫೋನ್ ಮಾಡಿ ಕೇಳಿ, ಓದಿ, ಮತ್ತೆ ಅವರ ಮನೆಗೆ ಹೋಗಿ ನಮ್ಮ ಮಾತನ್ನು ಹಿಂದಕ್ಕೆ ತೆಗೆದುಕೊಂಡೆವು. ಆಗ ಕಲಿತದ್ದನ್ನೇ ಇವತ್ತು ನಿಮಗೆ ಹೇಳುವುದು.

ಮೊದಲು ರೋಗದ ವಿಷಯ. ಹೆಚ್ಚಿನ ಕ್ಯಾನ್ಸರ್ ಪ್ರಾಯ ಆದವರಿಗೆ ಬರುತ್ತದೆ. ಇದು ಹಾಗಲ್ಲ. ಹದಿನೈದರಿಂದ ನಲವತ್ತರ ಒಳಗಿನವರಿಗೇ ಹೆಚ್ಚು. ನಮ್ಮ ದೇಶದಲ್ಲಿ ಇದು ಅಪರೂಪ, ಒಂದು ಲಕ್ಷ ಗಂಡಸರಲ್ಲಿ ವರ್ಷಕ್ಕೆ ಒಬ್ಬರಿಗೂ ಬರುವುದಿಲ್ಲ. ಅಪರೂಪ ಎಂಬ ಕಾರಣಕ್ಕೇ ತಡವಾಗುತ್ತದೆ. ಹರ್ನಿಯಾ ಎನ್ನುತ್ತಾರೆ, ಬೀಜದಲ್ಲಿ ನೀರು ತುಂಬಿದೆ ಎನ್ನುತ್ತಾರೆ, ಕ್ರಿಕೆಟ್ ಬಾಲ್ ತಾಗಿದ್ದು ಎನ್ನುತ್ತಾರೆ. ಬಾಲ್ ತಾಗಿ ಕ್ಯಾನ್ಸರ್ ಬರುವುದಿಲ್ಲ. ಬೈಕ್ ಓಡಿಸಿಯೂ ಬರುವುದಿಲ್ಲ. ತಾಗಿದಾಗ ಮುಟ್ಟಿ ನೋಡುತ್ತಾರೆ, ಮೊದಲೇ ಇದ್ದ ಗಂಟು ಆಗ ಸಿಗುತ್ತದೆ, ಅಷ್ಟೇ. ಪ್ರಶ್ನೆ ಇಡಿಸುವವರು ಇಡಿಸಿ, ಧ್ಯಾನಕೂಟಕ್ಕೆ ಹೋಗುವವರು ಹೋಗಿ. ಆದರೆ ಅದಕ್ಕೆ ಮೊದಲು ಸ್ಕ್ಯಾನ್ ಆಗಲಿ. ಇದಕ್ಕೆ ಬೇಕಾದ ಅಲ್ಟ್ರಾಸೌಂಡ್ ಸ್ಕ್ಯಾನಿಂಗ್ ಪುತ್ತೂರಲ್ಲೂ ಸುಳ್ಯದಲ್ಲೂ ಆಗುತ್ತದೆ, ಮಂಗಳೂರಿಗೇ ಹೋಗಬೇಕೆಂದಿಲ್ಲ.

ಕೊಯಿಲ, ಆಲಂಕಾರು ಕಡೆಯವರು ಎಂಡೋಸಲ್ಫಾನ್ ಬಗ್ಗೆ ಕೇಳುತ್ತೀರಿ ಎಂದು ಗೊತ್ತು. ಗೇರುತೋಟಗಳಿಗೆ ಹೆಲಿಕಾಪ್ಟರಿನಿಂದ ಬಿಟ್ಟ ಆ ವಿಷದ ನೋವು ಏನೆಂದು ನಾವು ಮನೆಮನೆಯಲ್ಲಿ ಕಂಡವರು. ಆದರೆ ಈ ಕ್ಯಾನ್ಸರಿಗೆ ಅದೇ ಕಾರಣ ಎಂದು ಸಿದ್ಧವಾಗಿಲ್ಲ. ಸಿದ್ಧವಾಗದ್ದನ್ನು ನಾವು ಹೇಳುವುದಿಲ್ಲ. ಸಿದ್ಧವಾದದ್ದು ಒಂದುಂಟು, ತಾಯಂದಿರು ಕಿವಿಗೊಟ್ಟು ಕೇಳಿ. ಕೆಲವು ಗಂಡುಮಕ್ಕಳಿಗೆ ಹುಟ್ಟುವಾಗ ಬೀಜ ಚೀಲಕ್ಕೆ ಇಳಿದಿರುವುದಿಲ್ಲ, ಹೊಟ್ಟೆಯಲ್ಲೋ ತೊಡೆಸಂದಿನಲ್ಲೋ ಉಳಿದಿರುತ್ತದೆ. ಅಂಥವರಿಗೆ ದೊಡ್ಡವರಾದ ಮೇಲೆ ಈ ರೋಗ ಬರುವ ಸಾಧ್ಯತೆ ಬೇರೆಯವರಿಗಿಂತ ಹಲವು ಪಟ್ಟು ಹೆಚ್ಚು. ಮಗುವನ್ನು ಮೀಯಿಸುವಾಗ ಇದು ಕಾಣುವುದು ನಿಮಗೇ. ಆರು ತಿಂಗಳಾದರೂ ಇಳಿಯದಿದ್ದರೆ ಮಕ್ಕಳ ಡಾಕ್ಟ್ರಿಗೆ ತೋರಿಸಿ. ಒಂದು, ಒಂದೂವರೆ ವರ್ಷದ ಒಳಗೆ ಸಣ್ಣ ಆಪರೇಷನ್ ಮಾಡಿ ಇಳಿಸುತ್ತಾರೆ. “ದೊಡ್ಡವನಾದಾಗ ತನ್ನಿಂದ ತಾನೇ ಸರಿಯಾಗ್ತದೆ” ಎಂದು ಅಜ್ಜಿ ಹೇಳಿದರೆ ಅಜ್ಜಿಗೆ ಗೌರವ ಕೊಡಿ, ಮಗುವನ್ನು ಆಸ್ಪತ್ರೆಗೆ ಕೊಂಡುಹೋಗಿ.

ಗಂಟು ಕ್ಯಾನ್ಸರಿನದ್ದೇ ಎಂದು ಸಂಶಯ ಬಂದರೆ ಸೂಜಿ ಚುಚ್ಚಿ ನೋಡುವುದಿಲ್ಲ. ಚೀಲವನ್ನು ಕೊಯ್ಯುವುದೂ ಇಲ್ಲ. ತೊಡೆಸಂದಿನಲ್ಲಿ ಕೊಯ್ದು ಇಡೀ ಬೀಜವನ್ನು ಮೇಲಿನಿಂದ ತೆಗೆಯುತ್ತಾರೆ. ಒಂದು ಹೋದರೆ ಇನ್ನೊಂದು ಇರುತ್ತದೆ. ಅದು ಸರಿಯಿದ್ದರೆ ಗಂಡಸ್ತನ ಹೋಗುವುದಿಲ್ಲ, ಮದುವೆಗೂ ಮಕ್ಕಳಿಗೂ ಅದು ಸಾಕು. ಈ ಮಾತನ್ನು ಹುಡುಗನಿಗೆ ಮನೆಯವರು ಬಾಯಿಬಿಟ್ಟು ಹೇಳಬೇಕು. ಹೆಣ್ಣು ಕೊಡುವವರು ಎಂತ ಹೇಳ್ತಾರೆ ಎಂಬ ಚಿಂತೆಯಲ್ಲಿ ಗುಟ್ಟು ಮಾಡಿ ಮಾಡಿ, ಹುಡುಗ ತಾನು ಅರ್ಧ ಗಂಡಸು ಎಂದು ತಿಳಿದುಕೊಂಡು ಕೂತಿರುತ್ತಾನೆ.

ತೆಗೆದದ್ದನ್ನು ಪರೀಕ್ಷೆಗೆ ಕಳಿಸುತ್ತಾರೆ. ಆ ಬಯಾಪ್ಸಿ ವರದಿ ಬಹಳ ಮುಖ್ಯ, ರೇಷನ್ ಕಾರ್ಡಿನ ಹಾಗೆ ಪ್ಲಾಸ್ಟಿಕ್ ಕವರಲ್ಲಿ ಇಡಿ. ಅದರಲ್ಲಿ ಎರಡು ಸಂಗತಿ ನೋಡಬೇಕು. ಒಂದು, ಜಾತಿ: ಸೆಮಿನೋಮಾವೋ, ನಾನ್ ಸೆಮಿನೋಮಾವೋ. ಸೆಮಿನೋಮಾ ಸ್ವಲ್ಪ ನಿಧಾನದ್ದು. ಇನ್ನೊಂದು, ಗಡ್ಡೆಯ ಒಳಗಿನ ರಕ್ತನಾಳ, ದುಗ್ಧರಸದ ನಾಳಗಳೊಳಗೆ ಕ್ಯಾನ್ಸರ್ ಕಣ ಹೊಕ್ಕಿದೆಯೋ ಇಲ್ಲವೋ. ಇದಕ್ಕೆ ಎಲ್‌ವಿಐ ಎನ್ನುತ್ತಾರೆ. ಜೊತೆಗೆ ರಕ್ತದಲ್ಲಿ ಎಎಫ್‌ಪಿ, ಬೀಟಾ ಎಚ್‌ಸಿಜಿ, ಎಲ್‌ಡಿಎಚ್ ಎಂಬ ಮಾರ್ಕರ್ ಪರೀಕ್ಷೆಗಳನ್ನು ಆಪರೇಷನ್ನಿಗೆ ಮೊದಲೂ ನಂತರವೂ ಮಾಡುತ್ತಾರೆ. ಏರಿದ್ದ ಮಾರ್ಕರ್ ಇಳಿದು ಸಹಜಕ್ಕೆ ಬಂದು, ಎದೆ ಹೊಟ್ಟೆಯ ಸಿಟಿ ಸ್ಕ್ಯಾನಲ್ಲಿ ಎಂತದೂ ಕಾಣದಿದ್ದರೆ ಅದು ಮೊದಲ ಹಂತ.

ಮೊದಲ ಹಂತದಲ್ಲೂ ಎರಡು ತರ ಉಂಟು. ನಾನ್ ಸೆಮಿನೋಮಾದಲ್ಲಿ ಎಲ್‌ವಿಐ ಇಲ್ಲದಿದ್ದರೆ, ಮುಂದೆ ಎಂತದೂ ಮಾಡದೆ ಬಿಟ್ಟರೂ ನೂರರಲ್ಲಿ ಸುಮಾರು 15 ಮಂದಿಗೆ ಮಾತ್ರ ರೋಗ ತಿರುಗಿ ಬರುತ್ತದೆ. ಎಲ್‌ವಿಐ ಇದ್ದರೆ ನೂರರಲ್ಲಿ ಸುಮಾರು 50 ಮಂದಿಗೆ. ನಮ್ಮ ಪಿಕಪ್ ಹುಡುಗನ ವರದಿಯಲ್ಲಿ ಎಲ್‌ವಿಐ ಇತ್ತು. ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳು ಹೊಟ್ಟೆಯ ಹಿಂಬದಿಯ ಗ್ರಂಥಿಗಳಲ್ಲೋ ಶ್ವಾಸಕೋಶದಲ್ಲೋ ಆಗಲೇ ಹೋಗಿ ಕೂತಿದ್ದರೆ ಸ್ಕ್ಯಾನಿಗೆ ಗೊತ್ತಾಗುವುದಿಲ್ಲ. “ಸ್ಕ್ಯಾನಲ್ಲಿ ಇಲ್ಲ ಅಂದ್ರೆ ಹೋಯ್ತು” ಎಂದ ನಮ್ಮ ಮಾತು ತಪ್ಪಾದದ್ದು ಇಲ್ಲಿ.

ಈಗ ಮೂರು ದಾರಿ.

ಮೊದಲನೆಯದು ನಿಗಾ. ಔಷಧಿ ಕೊಡದೆ, ಗೊತ್ತುಪಡಿಸಿದ ದಿವಸಕ್ಕೆ ರಕ್ತ ಪರೀಕ್ಷೆ, ಸ್ಕ್ಯಾನ್ ಮಾಡುತ್ತಾ ಕಾಯುವುದು. ಎರಡನೆಯದು ಒಂದು ಸುತ್ತು ಕೀಮೋ. ಬ್ಲಿಯೋಮೈಸಿನ್, ಎಟೊಪೊಸೈಡ್, ಸಿಸ್ಪ್ಲಾಟಿನ್ ಎಂಬ ಮೂರು ಔಷಧಿ ಸೇರಿದ್ದು, ಬಿಇಪಿ ಎನ್ನುತ್ತಾರೆ, ಒಂದು ಸುತ್ತಿಗೆ ಮೂರು ವಾರ. ಮೊದಲು ಎರಡು ಸುತ್ತು ಕೊಡುತ್ತಿದ್ದರು. ಒಂದೇ ಸುತ್ತು ಸಾಕು ಎಂದು ಬ್ರಿಟನ್ನಿನಲ್ಲಿ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನವೂ ತೋರಿಸಿತು. ಅದನ್ನು ತೆಗೆದುಕೊಂಡರೆ ರೋಗ ತಿರುಗಿ ಬರುವುದು ನೂರರಲ್ಲಿ ಇಬ್ಬರು ಮೂವರಿಗೆ. ಮೂರನೆಯದು ಹೊಟ್ಟೆಯ ಹಿಂಬದಿಯ ಗ್ರಂಥಿಗಳನ್ನು ತೆಗೆಯುವ ದೊಡ್ಡ ಆಪರೇಷನ್. ಇದರಲ್ಲಿ ನರಕ್ಕೆ ಪೆಟ್ಟಾದರೆ ವೀರ್ಯ ಹೊರಗೆ ಬಾರದೆ ಮಕ್ಕಳಾಗಲು ಕಷ್ಟವಾಗಬಹುದು, ಹಾಗಾಗಿ ಇದರಲ್ಲೇ ಪಳಗಿದ ಸರ್ಜನ್ ಬೇಕು. ಇದನ್ನು ಮಾಡಿದ ನಂತರವೂ ಕೆಲವರಿಗೆ ಶ್ವಾಸಕೋಶದಲ್ಲಿ ರೋಗ ಕಾಣಿಸಬಹುದು. ಅಪಾಯ ಹೆಚ್ಚಿರುವವರಿಗೆ ವೈದ್ಯರು ಹೆಚ್ಚಾಗಿ ಮುಂದಿಡುವುದು ಮೊದಲಿನ ಎರಡನ್ನೇ.

ಹಾಗಾದರೆ ಡಾಕ್ಟ್ರು ಯಾಕೆ ಒಂದನ್ನು ಹೇಳಿಬಿಡುವುದಿಲ್ಲ? ಆ ತಾಯಿಗೆ ನಾವು ಅಡಿಕೆ ತೋಟದ ಲೆಕ್ಕದಲ್ಲಿ ಹೇಳಿದೆವು. ಮಳೆಗಾಲಕ್ಕೆ ಮೊದಲು ಕೊಳೆರೋಗಕ್ಕೆಂದು ಬೋರ್ಡೋ ಬಿಡುತ್ತೀರಿ. ಬಿಡದಿದ್ದರೆ ಎಲ್ಲಾ ಮರಕ್ಕೂ ಕೊಳೆ ಬರುತ್ತದೆ ಎಂದಲ್ಲ. ಆದರೆ ಯಾವ ಮರಕ್ಕೆ ಬರುತ್ತದೆ ಎಂದು ಗೊತ್ತಿಲ್ಲ, ಹಾಗಾಗಿ ಎಲ್ಲದಕ್ಕೂ ಬಿಡುವುದು. ಕೀಮೋವೂ ಹಾಗೇ. ಎಲ್‌ವಿಐ ಇರುವ ನೂರು ಹುಡುಗರಿಗೂ ಒಂದು ಸುತ್ತು ಕೊಟ್ಟರೆ ಅವರಲ್ಲಿ ಐವತ್ತು ಮಂದಿಗೆ ಅದು ಬೇಕಾಗಿಯೇ ಇರಲಿಲ್ಲ. ಕೊಡದೆ ನಿಗಾದಲ್ಲಿಟ್ಟರೆ ಆ ಐವತ್ತು ಮಂದಿ ಕೀಮೋದ ಕಷ್ಟವೇ ಇಲ್ಲದೆ ಬದುಕುತ್ತಾರೆ. ಉಳಿದ ಐವತ್ತು ಮಂದಿಗೆ ರೋಗ ತಿರುಗಿ ಬಂದಾಗ ಒಂದಲ್ಲ, ಸಾಮಾನ್ಯವಾಗಿ ಮೂರು ಸುತ್ತು ಬೇಕಾಗುತ್ತದೆ.

ಈ ಹೋಲಿಕೆ ಅರ್ಧಕ್ಕೆ ನಿಲ್ಲುತ್ತದೆ. ಕೊಳೆ ಬಂದು ಉದುರಿದ ಅಡಿಕೆ ಹೋಯಿತು, ತಿರುಗಿ ಸಿಗುವುದಿಲ್ಲ. ಇಲ್ಲಿ ಹಾಗಲ್ಲ. ನಿಗಾದಲ್ಲಿದ್ದು ರೋಗವನ್ನು ಬೇಗ ಹಿಡಿದರೆ ಆಗಲೂ ಗುಣವಾಗುತ್ತದೆ. ಯಾವ ದಾರಿಯಲ್ಲಿ ಹೋದರೂ ನೂರರಲ್ಲಿ 98, 99 ಮಂದಿ ಬದುಕಿ ಉಳಿಯುತ್ತಾರೆ. ಡಾಕ್ಟ್ರಿಗೆ ಗೊತ್ತಿಲ್ಲದೆ ಕೇಳುವುದಲ್ಲ. ಯಾವ ಹೊರೆಯನ್ನು ಹೊರಲು ನಿಮಗೆ ಆಗುತ್ತದೆ ಎಂದು ಕೇಳುವುದು.

ಇಷ್ಟು ಗುಣವಾಗುವ ಕಾಲ ಮೊದಲು ಇರಲಿಲ್ಲ. 1974ರಲ್ಲಿ ಅಮೆರಿಕದ ಇಂಡಿಯಾನಾದಲ್ಲಿ ಡಾ. ಲಾರೆನ್ಸ್ ಐನ್‌ಹಾರ್ನ್ ಸಿಸ್ಪ್ಲಾಟಿನ್ ಸೇರಿಸಿ ಕೊಡಲು ಶುರು ಮಾಡುವವರೆಗೆ, ದೇಹದಲ್ಲಿ ಹರಡಿದ ಈ ಕ್ಯಾನ್ಸರ್ ಬಂದವರಲ್ಲಿ ಹೆಚ್ಚಿನವರು ಸಾಯುತ್ತಿದ್ದರು. ನಿಮ್ಮ ಮಕ್ಕಳಿಗೆ ಗೊತ್ತಿರುವ ಯುವರಾಜ್ ಸಿಂಗ್ 2012ರಲ್ಲಿ ಚಿಕಿತ್ಸೆಗೆ ಹೋದದ್ದು ಅದೇ ವೈದ್ಯರ ಬಳಿಗೆ. ಅವರ ಗಡ್ಡೆ ಎದೆಯೊಳಗೆ ಇದ್ದದ್ದು, ವೃಷಣದಲ್ಲಲ್ಲ, ಆದರೆ ಅದೂ ಸೆಮಿನೋಮಾವೇ. ಮೂರು ಸುತ್ತು ಕೀಮೋ ಮುಗಿಸಿ, ಅದೇ ವರ್ಷ ಸೆಪ್ಟೆಂಬರಿನಲ್ಲಿ ಮತ್ತೆ ಭಾರತಕ್ಕೆ ಆಡಿದರು. 2022ರಲ್ಲಿ ತಂದೆಯೂ ಆದರು. ಮಗ ಮಾತು ಕೇಳದಿದ್ದರೆ ಯುವರಾಜನ ಹೆಸರು ಹೇಳಿ, ಅವನು ಕಿವಿ ಕೊಡುತ್ತಾನೆ.

ಈಗ ನಮ್ಮ ಊರಿನ ಲೆಕ್ಕಕ್ಕೆ ಬರುವ. ನಿಗಾ ಎಂದರೆ ಸುಮ್ಮನೆ ಕೂರುವುದು ಎಂದು ತಿಳಿಯಬೇಡಿ. ಮೂರು ದಾರಿಯಲ್ಲಿ ಮನೆಯವರಿಗೆ ಹೆಚ್ಚು ಕೆಲಸ ಇರುವುದು ಅದರಲ್ಲೇ. ರೋಗ ತಿರುಗಿ ಬರುವುದಿದ್ದರೆ ಹೆಚ್ಚಾಗಿ ಮೊದಲ ಎರಡು ವರ್ಷದಲ್ಲಿ ಬರುತ್ತದೆ. ಹಾಗಾಗಿ ಮೊದಲ ವರ್ಷ ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ ರಕ್ತ ಪರೀಕ್ಷೆ, ನಡುವೆ ಸಿಟಿ ಸ್ಕ್ಯಾನ್, ಆಮೇಲೆ ಅಂತರ ಹೆಚ್ಚುತ್ತಾ ಐದು ವರ್ಷ. ಜುಲೈ ತಿಂಗಳ ಮಳೆಯಲ್ಲಿ ಹೊಳೆ ತುಂಬಿದರೂ, ಅಡಿಕೆ ಕೊಯ್ಲಿನ ದಿವಸವಾದರೂ, ತಂಗಿಯ ಮದುವೆಯಾದರೂ ಹೋಗಲೇಬೇಕು. ಮೈ ಚೆನ್ನಾಗಿರುವಾಗ ಆಸ್ಪತ್ರೆಗೆ ಹೋಗುವುದು ನಮ್ಮವರಿಗೆ ಅಭ್ಯಾಸವಿಲ್ಲ. ಬೇರೊಂದು ಮನೆಯಲ್ಲಿ ಹಾಗೇ ಆಯಿತು. ನಿಗಾ ಎಂದು ಒಪ್ಪಿಕೊಂಡು ಬಂದ ಹುಡುಗ ಎರಡು ಸಲ ಹೋಗಿ ಬಿಟ್ಟ. ಗಲ್ಫ್ ವೀಸಾದ ಓಡಾಟವಿತ್ತು. ಒಂದೂವರೆ ವರ್ಷ ಕಳೆದು ಬೆನ್ನುನೋವು ಎಂದು ಬಂದಾಗ ಹೊಟ್ಟೆಯೊಳಗಿನ ಗ್ರಂಥಿಗಳು ದೊಡ್ಡದಾಗಿದ್ದವು. ನಾಲ್ಕು ಸುತ್ತು ಕೀಮೋ, ಅದರ ಮೇಲೆ ಆಪರೇಷನ್. ದೇವರ ದಯೆಯಿಂದ ಉಳಿದ. ಆದರೆ ಬೆರಳ ತುದಿಯ ಜೋಮು ಇನ್ನೂ ಹೋಗಿಲ್ಲ.

ಕೀಮೋದ ಹೊರೆ ಬೇರೆ ತರದ್ದು. ವಾಂತಿ, ಸುಸ್ತು, ಕೂದಲು ಉದುರುವುದು, ಇವು ತಿಂಗಳುಗಳಲ್ಲಿ ಸರಿಯಾಗುತ್ತವೆ. ಸಿಸ್ಪ್ಲಾಟಿನ್ನಿಂದ ಕೆಲವರಿಗೆ ಕಿವಿಯಲ್ಲಿ ಗುಂಯ್ ಎನ್ನುವುದು, ಮೂತ್ರಪಿಂಡಕ್ಕೆ ತೊಂದರೆ. ಬ್ಲಿಯೋಮೈಸಿನ್ ಶ್ವಾಸಕೋಶಕ್ಕೆ ಆಗುವುದಿಲ್ಲ, ಬೀಡಿ ಸಿಗರೇಟು ಬಿಡಲೇಬೇಕು. ಮುಂದೆ ಎಂದಾದರೂ ಬೇರೆ ಆಪರೇಷನ್ ಆದರೆ, ಅರಿವಳಿಕೆ ಕೊಡುವ ಡಾಕ್ಟ್ರಿಗೆ “ನನಗೆ ಬ್ಲಿಯೋಮೈಸಿನ್ ಕೊಟ್ಟಿದ್ದಾರೆ” ಎಂದು ಹೇಳಬೇಕು. ಎಲ್ಲಕ್ಕಿಂತ ಮುಖ್ಯ ಜ್ವರ. ಕೀಮೋ ಆದ ವಾರಗಳಲ್ಲಿ ರಕ್ತದ ಬಿಳಿಕಣ ಇಳಿದಿರುತ್ತದೆ. 100.4 ಡಿಗ್ರಿ ಮುಟ್ಟಿದರೆ ಕಷಾಯ, ಪ್ಯಾರಾಸಿಟಮಾಲ್ ಎಂದು ಬೆಳಗಿನವರೆಗೆ ಕಾಯಬಾರದು. ಮಧ್ಯರಾತ್ರಿಯಾದರೂ ಜೀಪು ಮಾಡಿ ಆಸ್ಪತ್ರೆಗೆ. ಮನೆಯಲ್ಲಿ ಥರ್ಮಾಮೀಟರ್ ಇರಲಿ.

ಮಕ್ಕಳಾಗುವ ವಿಷಯ. ಒಂದು ಸುತ್ತಿನ ನಂತರ ಹೆಚ್ಚಿನವರ ವೀರ್ಯ ಒಂದೆರಡು ವರ್ಷದಲ್ಲಿ ಮೊದಲಿನ ಹಾಗೆ ಆಗುತ್ತದೆ. ಎಲ್ಲರಿಗೂ ಆಗುತ್ತದೆ ಎಂದು ಹೇಳಲಾಗದು. ಕೀಮೋಗೆ ಮೊದಲು ವೀರ್ಯ ಶೇಖರಿಸಿಡುವ ವ್ಯವಸ್ಥೆಯ ಬಗ್ಗೆ ವೈದ್ಯರು ಹೇಳುತ್ತಾರೆ. ಹೇಳದಿದ್ದರೆ ಕೇಳಿ. “ಸಿಸ್ಟರ್ ನೀವು ಇದನ್ನೆಲ್ಲ ಹೇಳ್ತೀರಾ?” ಎಂದು ಆ ತಾಯಿ ಕಣ್ಣರಳಿಸಿದರು. ಇಂಥ ವಿಧಾನಗಳ ಬಗ್ಗೆ ನಮ್ಮ ಧರ್ಮಸಭೆಯ ಬೋಧನೆ ಬೇರೆ ಉಂಟು, ಅದನ್ನು ನಾವು ಮುಚ್ಚಿಡುವುದಿಲ್ಲ. ಆದರೆ ನಮ್ಮ ಸಂಘಗಳಲ್ಲಿ ಎಲ್ಲಾ ಧರ್ಮದವರೂ ಇದ್ದೀರಿ, ಕೀಮೋ ಶುರುವಾದ ಮೇಲೆ ಗೊತ್ತಾಗಿ ಪ್ರಯೋಜನವಿಲ್ಲ. ತಿಳಿಸುವುದು ನಮ್ಮ ಕೆಲಸ, ಮನಸ್ಸಾಕ್ಷಿಯಂತೆ ತೀರ್ಮಾನಿಸುವುದು ಅವರವರದ್ದು.

ಹಣದ ಮಾತು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡಿನಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಂಟು. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇಕಡಾ 30, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ಇಲ್ಲೊಂದು ಸಿಕ್ಕು ಉಂಟು. ಕಾರ್ಡು ಸಾಮಾನ್ಯವಾಗಿ ನಡೆಯುವುದು ದಾಖಲಾಗಿ ಮಾಡುವ ಚಿಕಿತ್ಸೆಗೆ. ನಿಗಾದ ಸ್ಕ್ಯಾನು, ರಕ್ತ ಪರೀಕ್ಷೆ ಹೊರರೋಗಿಯಾಗಿ ಮಾಡುವಂಥದ್ದು, ಕೈಯಿಂದ ಕೊಡಬೇಕಾಗಬಹುದು. ಹಾಗಾಗಿ “ಕಾರ್ಡಲ್ಲಿ ಕೀಮೋ ಆಗ್ತದೆ, ಅದನ್ನೇ ಮಾಡಿಸುವ” ಎಂದು ಕೆಲವರು ತೀರ್ಮಾನಿಸುತ್ತಾರೆ. ಔಷಧಿಯನ್ನು ಕಾರ್ಡು ನೋಡಿ ಆರಿಸಬಾರದು. ಐದು ವರ್ಷದ ಪರೀಕ್ಷೆಗೆ ಎಷ್ಟಾದೀತು ಎಂದು ಆಸ್ಪತ್ರೆಯಲ್ಲಿ ಮೊದಲೇ ಕೇಳಿ ಬರೆದುಕೊಳ್ಳಿ. ಸಂಘದ ಆಂತರಿಕ ಸಾಲವನ್ನು ಒಟ್ಟಿಗೆ ಎತ್ತದೆ ಆಯಾ ತಿಂಗಳಿಗೆ ಬೇಕಾದಷ್ಟೇ ಎತ್ತಿದರೆ ಬಡ್ಡಿಯೂ ಉಳಿಯುತ್ತದೆ. ಎರಡನೆಯ ಅಭಿಪ್ರಾಯ ಬೇಕಾದವರಿಗೆ ಬೆಂಗಳೂರಿನಲ್ಲಿ ಕಿದ್ವಾಯಿ ಆಸ್ಪತ್ರೆ ಉಂಟು, ಸರ್ಕಾರದ್ದು. ಕಬಕ ಪುತ್ತೂರಿನಿಂದಲೂ ಸುಬ್ರಹ್ಮಣ್ಯ ರೋಡಿನಿಂದಲೂ ರೈಲು ಸಿಗುತ್ತದೆ. ಕ್ಯಾನ್ಸರ್ ರೋಗಿಗೂ ಜೊತೆಯವರಿಗೂ ರೈಲಿನಲ್ಲಿ ರಿಯಾಯಿತಿ ಉಂಟು, ಆಸ್ಪತ್ರೆಯ ಪ್ರಮಾಣಪತ್ರ ಬೇಕು.

ಸೆಮಿನೋಮಾ ಬಂದವರಿಗೆ ಲೆಕ್ಕ ಸ್ವಲ್ಪ ಬೇರೆ. ಗಡ್ಡೆ ನಾಲ್ಕು ಸೆಂಟಿಮೀಟರಿಗಿಂತ ದೊಡ್ಡದಿದ್ದು, ಬೀಜದೊಳಗಿನ ರೀಟೆ ಟೆಸ್ಟಿಸ್ ಎಂಬ ಭಾಗಕ್ಕೂ ಹೊಕ್ಕಿದ್ದರೆ ತಿರುಗಿ ಬರುವ ಸಾಧ್ಯತೆ ಹೆಚ್ಚು, ಆದರೆ ನಾನ್ ಸೆಮಿನೋಮಾದ ಹಾಗೆ ಅರ್ಧಕ್ಕರ್ಧ ಅಲ್ಲ. ಅವರಿಗೂ ನಿಗಾ ಒಂದು ದಾರಿ, ಕಾರ್ಬೋಪ್ಲಾಟಿನ್ ಇಂಜೆಕ್ಷನ್ ಇನ್ನೊಂದು. ಮೊದಲೆಲ್ಲ ಹೊಟ್ಟೆಗೆ ರೇಡಿಯೇಷನ್ ಕೊಡುತ್ತಿದ್ದರು. ಎಷ್ಟೋ ವರ್ಷದ ನಂತರ ಬೇರೆ ಕ್ಯಾನ್ಸರ್ ಬರುವ ಭಯದಿಂದ ಈಗ ಅದನ್ನು ಬಹಳ ಕಡಿಮೆ ಮಾಡಿದ್ದಾರೆ. ಸುಳ್ಯ ಕಡೆಯ ಒಬ್ಬ ರಬ್ಬರ್ ಟ್ಯಾಪಿಂಗ್ ಮಾಡುವವರು, ಮೂವತ್ತಾರು ವರ್ಷ, ನಿಗಾವನ್ನೇ ಆರಿಸಿದರು. ಅವರ ಹೆಂಡತಿ ಸಂಘದ ಕಾರ್ಯದರ್ಶಿ, ನಡಾವಳಿ ಪುಸ್ತಕ ಒಂದು ವಾರ ತಪ್ಪದೆ ಬರೆಯುವವರು. ಅಂಥ ಮನೆಗೆ ನಿಗಾ ಹೇಳಿಸಿದ್ದೇ.

ಪಿಕಪ್ ಹುಡುಗನ ಮನೆಯಲ್ಲಿ ಎಂತ ಆಯಿತು ಎಂದು ಕೇಳುತ್ತೀರಿ. ತಾಯಿಗೆ ಕೀಮೋ ಬೇಡವಿತ್ತು, ಮಾವನಿಗೆ ದೊಡ್ಡ ಆಪರೇಷನ್ನೇ ಆಗಬೇಕಿತ್ತು. ಎಲ್ಲರೂ ಮಾತಾಡಿದರು, ಹುಡುಗ ಮೂಲೆಯಲ್ಲಿ ಮೊಬೈಲ್ ನೋಡುತ್ತಿದ್ದ. “ನಿನಗೆ ಎಂತ ಅನಿಸ್ತದೆ ಮಗಾ?” ಎಂದು ನಾವು ಕೇಳಿದಾಗ ಮನೆ ಸ್ತಬ್ಧವಾಯಿತು. ಅವನು ಹೇಳಿದ್ದು ಇಷ್ಟೇ: “ಸಿಸ್ಟರ್, ನಾನು ಬಾಡಿಗೆ ಸಿಕ್ಕಿದಲ್ಲಿಗೆ ಹೋಗುವವ, ಇವತ್ತು ಹಾಸನ, ನಾಳೆ ಕಾಸರಗೋಡು. ತಿಂಗಳು ತಿಂಗಳು ಹೋಗ್ತೇನೆ ಅಂತ ಹೇಳಿದ್ರೆ ಸುಳ್ಳಾಗ್ತದೆ. ಎಂಟು ತಿಂಗಳು ಮುಚ್ಚಿಟ್ಟವ ನಾನು. ಅದೊಂದು ಸುತ್ತು ಕೊಟ್ಟುಬಿಡ್ಲಿ.”

ಕೊಟ್ಟರು. ಎರಡನೇ ವಾರದಲ್ಲಿ ಜ್ವರ ಬಂತು, ರಾತ್ರಿ ಹನ್ನೊಂದಕ್ಕೆ ಅವನದೇ ಪಿಕಪ್ಪಿನಲ್ಲಿ ಪಕ್ಕದ ಮನೆಯವರು ಉಪ್ಪಿನಂಗಡಿ ದಾರಿಯಾಗಿ ಮಂಗಳೂರಿಗೆ ಮುಟ್ಟಿಸಿದರು, ನಾಲ್ಕು ದಿವಸದಲ್ಲಿ ಇಳಿಯಿತು. ಕೀಮೋ ಆದರೂ ಪರೀಕ್ಷೆ ತಪ್ಪುವುದಿಲ್ಲ, ಸ್ಕ್ಯಾನ್ ಸ್ವಲ್ಪ ಕಡಿಮೆಯಾಗುತ್ತದೆ ಅಷ್ಟೇ. ಈಗ ಕೂದಲು ಬಂದಿದೆ, ಮೊದಲಿಗಿಂತ ಗುಂಗುರು. ಅವನ ಪರೀಕ್ಷೆಯ ತಾರೀಕುಗಳನ್ನು ತಾಯಿ ಸಂಘದ ಪಾಸ್‌ಪುಸ್ತಕದ ಹಿಂದಿನ ಪುಟದಲ್ಲಿ ಬರೆದುಕೊಂಡಿದ್ದಾರೆ, ಸಾಲದ ಕಂತಿನ ತಾರೀಕಿನ ಕೆಳಗೆ. ಮುಂದಿನದ್ದು ಬರುವ ತಿಂಗಳು, ಮಂಗಳವಾರ. ಅವತ್ತು ಸಂಘದ ಸಭೆ ಇತ್ತು. ಬುಧವಾರಕ್ಕೆ ಹಾಕಿದ್ದಾರೆ.